ಬಿಳಿ ಹಾಸಿನ ಮೇಲಿನ ಗೆರೆ

ಕಾರು ಮಾರಲು ಬಂದವನು ಕಾರನ್ನು ಓಡಿಸಿಕೊಂಡು ಬರಲಿಲ್ಲ. ಲಾರಿಯ ಬೆನ್ನ ಮೇಲೆ ಹೊರಿಸಿಕೊಂಡು ಬಂದ.

ಅಕ್ಕನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ತಪಾಸಣೆಯ ಶೆಡ್ಡಿನ ಗೇಟಿನೊಳಕ್ಕೆ ಲಾರಿ ಹಿಮ್ಮುಖವಾಗಿ ನುಸುಳಿ ನಿಂತಿತು. ಚಕ್ರಗಳಿಗೆ ಬಿಗಿದಿದ್ದ ಪಟ್ಟಿಗಳನ್ನು ಬಿಚ್ಚಿದ ಮೇಲೆ ಆ ಕೆಂಪು ಸ್ಪೋರ್ಟ್ಸ್ ಕಾರು ಇಳಿಜಾರು ಹಲಗೆಯ ಮೇಲೆ ಅಂಗುಲ ಅಂಗುಲವಾಗಿ ನೆಲಕ್ಕಿಳಿಯಿತು. ಹಿಂದಿನ ಚಕ್ರವೂ ನೆಲ ಮುಟ್ಟಿದಾಗ ಮಾರುವವನು ಹಿಡಿದಿಟ್ಟಿದ್ದ ಉಸಿರನ್ನು ಮೆಲ್ಲನೆ ಬಿಟ್ಟ. ಬೇರೆ ಯಾರಿಗೂ ಅದು ಕೇಳಿಸಲಿಲ್ಲ. ಅಕ್ಕನಿಗೆ ಕೇಳಿಸಿತು, ಕಿವಿಯೇ ಅವಳ ಕಸುಬು.

"ಏನ್ ಸಾರ್ ಇದು, ಓಡೋ ಗಾಡೀನ ಕಂಕುಳಲ್ಲಿ ಎತ್ಕೊಂಡು ಬಂದಿದೀರಿ?" ಎಂದು ತಮ್ಮ ನಕ್ಕ.

"ಧೂಳು ಸಾರ್. ಇಂಥ ಗಾಡಿ ಮೇಲೆ ಒಂದು ಕಣ ಧೂಳು ಕೂತ್ರೂ ನನಗೆ ನಿದ್ದೆ ಬರಲ್ಲ," ಎಂದ ಮಾರುವವನು, ಬಾಯಲ್ಲಿದ್ದ ಪೆಪ್ಪರಮಿಂಟನ್ನು ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ಹೊರಳಿಸುತ್ತ.

ತಮ್ಮ ಈಜುಕೊಳವೊಂದರಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ. ಅಕ್ಕನ ಮನೆಯ ಮಹಡಿಯಲ್ಲಿ ಅವನ ವಾಸ. ಮದುವೆಯ ಮಾತೆತ್ತಿದರೆ ಮೈ ಪರಚಿಕೊಳ್ಳುತ್ತಿದ್ದವನು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂಥ ಕಾರೊಂದು ಬೀದಿಯಲ್ಲಿ ಹೋದರೆ ಮಾತ್ರ ಕತ್ತು ಉಳುಕುವಷ್ಟು ತಿರುಗಿ ನೋಡುತ್ತಿದ್ದ. ಅಕ್ಕನ ಮಗಳು ಗುಬ್ಬಿಯನ್ನು ಶಾಲೆಗೆ ಬಿಡುವುದು, ಕರೆತರುವುದು ಅವನ ಪಾಲಿನ ಕೆಲಸ. ಗುಬ್ಬಿಯ ಅಪ್ಪ ಹಡಗಿನ ನೌಕರಿಯವನಾದ್ದರಿಂದ ಮನೆಗಿಂತ ನೀರಿನ ಮೇಲೆಯೇ ಹೆಚ್ಚು ಇರುತ್ತಿದ್ದ. ಕಾರು ಬಂದ ಮೇಲೆ ಗುಬ್ಬಿ ಶಾಲೆಗೆ ಅದರಲ್ಲೇ ಹೋಗುವುದೆಂದು ಮಾವ ಸೊಸೆ ಸೇರಿ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅದಕ್ಕೇ ಅಕ್ಕ ಪಟ್ಟು ಹಿಡಿದಿದ್ದಳು. ಮಾರುವವನು ತನ್ನ ಗ್ಯಾರೇಜಿನವರೇ ನೋಡಿ ಒಪ್ಪಿದ್ದಾರೆಂದಾಗ, "ನಿಮ್ಮವರೂ ಬೇಡ, ನಮ್ಮವರೂ ಬೇಡ. ಯಾರ ಕಡೆಗೂ ಸೇರದವರೊಬ್ಬರು ನೋಡಲಿ," ಎಂದಿದ್ದಳು.

ಹಾಗೆ ಸಿಕ್ಕಿದವರೇ ಈ ಶೆಡ್ಡಿನ ಪರೀಕ್ಷಕರು. ಊರಿನ ಕಾರು ವ್ಯಾಪಾರಿಗಳೆಲ್ಲ ಬೆನ್ನ ಹಿಂದೆ ಅವರನ್ನು ಅನುಮಾನಪ್ಪ ಎನ್ನುತ್ತಿದ್ದರು. ಅವರೂ ಅದನ್ನು ಬಿರುದಿನಂತೆ ಸ್ವೀಕರಿಸಿ, ಶೆಡ್ಡಿನ ಬಾಗಿಲ ಮೇಲೆ ಹಾಗೆಯೇ ಬರೆಸಿಕೊಂಡಿದ್ದರು. ಇಂಜಿನಿಯರಿಂಗ್ ಓದಿ, ವಿಮಾ ಕಂಪನಿಯೊಂದರಲ್ಲಿ ಜಗಳವಾಡಿ ಹೊರಬಂದ ಮನುಷ್ಯ. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ಮಾತು.

"ಎಲ್ಲರೂ ಮೊದಲು ಬಾನೆಟ್ ಎತ್ತುತ್ತಾರೆ. ನಾನು ಮೊದಲು ಬಟ್ಟೆ ಹಾಸ್ತೀನಿ," ಎನ್ನುತ್ತ ಅವರು ಶೆಡ್ಡಿನ ನೆಲದ ಮೇಲೆ ದಪ್ಪನೆಯ ಬಿಳಿ ಹಾಸೊಂದನ್ನು ಬಿಡಿಸಿ, ಅದರ ಮೇಲೆ ಕಾರನ್ನು ತಳ್ಳಿಸಿ ನಿಲ್ಲಿಸಿದರು. "ತಣ್ಣಗಿರೋ ಎಂಜಿನ್ ಶುರು ಮಾಡಿ, ಬಿಸಿ ಮಾಡಿ, ನಿಂತಲ್ಲೇ ಒಂದಿಷ್ಟು ಗುಡುಗಿಸಿ, ಆಮೇಲೆ ಗಾಡೀನ ಪಕ್ಕಕ್ಕೆ ಸರಿಸಿ ಹಾಸನ್ನ ಓದಬೇಕು. ಮುಂದುಗಡೆ ಬಿದ್ದದ್ದು ಎಂಜಿನ್ ಆಡಿದ ಮಾತು. ಹಿಂದುಗಡೆ ಬಿದ್ದದ್ದು ಹೊಗೆ ಕೊಳವೆ ಆಡಿದ್ದು. ನಡುವೆ ಬರೀ ತಗಡು. ಅಲ್ಲಿ ಏನೂ ಬೀಳಬಾರದು. ಆಮೇಲೆ ಲಿಫ್ಟ್ ಮೇಲೆತ್ತಿ ಹೊಟ್ಟೆ ನೋಡೋದು. ರೋಡು ಕೊನೇಗೆ. ಈ ಕ್ರಮ ತಪ್ಪಿದ್ರೆ ನಾನು ಪರೀಕ್ಷೆ ಮಾಡಿದೆ ಅಂತ ಯಾರಿಗೂ ಹೇಳಬೇಡಿ."

"ನಮ್ಮಕ್ಕನಿಗೆ ತಕ್ಕ ಜೋಡಿ ನೀವು," ಎಂದ ತಮ್ಮ. "ನಾನು ಸ್ಕೂಟರ್ ಮೇಲಿರೋವಾಗ ಬೇಕೂಂತಲೇ ಫೋನ್ ಮಾಡ್ತಾಳೆ ಸಾರ್, ಎತ್ತುತ್ತೀನಾ ಇಲ್ವಾ ನೋಡೋಕೆ. ಎತ್ತಿದ್ರೆ ಆ ವಾರವೆಲ್ಲ ಪಾತ್ರೆ ನನ್ನ ತಲೆಗೆ."

"ಒಂದು ಸಲ ಎತ್ತಿ ಬಸ್ಸಿನ ಹಿಂಭಾಗಕ್ಕೆ ಮುತ್ತು ಕೊಟ್ಟಿದ್ಯಲ್ಲ, ಮರೆತ್ಯಾ?" ಎಂದಳು ಅಕ್ಕ.

"ಆವತ್ತು ಫೋನ್ ಮಾಡಿದ್ದೂ ನೀನೇ ತಾನೇ? ಹಾಲು ತಗೊಂಡು ಬಾ ಅನ್ನೋಕೆ."

"ಈಗ ಮಾಮನಿಗೆ ನಾನು ಸೆಕ್ರೆಟರಿ," ಎಂದು ಗುಬ್ಬಿ ನಡುವೆ ತಲೆ ಹಾಕಿದಳು. "ಬೇರೆಯವರು ಮಾಡಿದ್ರೆ ನಾನು ಎತ್ತಿ, ಮಾಮ ಗಾಡಿ ಓಡಿಸ್ತಿದ್ದಾರೆ ಅಂತ ಹೇಳ್ತೀನಿ. ಅಮ್ಮ ಮಾಡಿದ್ರೆ ಮಾತ್ರ ಎತ್ತಲ್ಲ. ಅದು ಟೆಸ್ಟು."

ಎಲ್ಲರೂ ನಕ್ಕರು. ಮಾರುವವನು ತುಸು ತಡವಾಗಿ ನಕ್ಕ.

ಎಂಜಿನ್ ಶುರುವಾಯಿತು. ತಮ್ಮ ಚಾಲಕನ ಸೀಟಿನಲ್ಲಿ ಕುಳಿತು ಪರೀಕ್ಷಕರ ಕೈಸನ್ನೆಗೆ ತಕ್ಕಂತೆ ಕಾಲೊತ್ತಿದ. ಶೆಡ್ಡಿನ ತಗಡಿನ ಮಾಡು ನಡುಗಿತು. ಗೋಡೆಗೆ ತೂಗುಹಾಕಿದ್ದ ಸ್ಪ್ಯಾನರುಗಳು ಒಂದಕ್ಕೊಂದು ತಾಕಿ ಕಿಣಿಕಿಣಿ ಎಂದವು. ತಮ್ಮನ ಮುಖದಲ್ಲಿ ಆಗ ಮೂಡಿದ ಬೆಳಕನ್ನು ನೋಡಿ ಅಕ್ಕನ ಬಿಗಿತವೂ ಸ್ವಲ್ಪ ಸಡಿಲಿತು. ಎಷ್ಟೋ ವರ್ಷಗಳಿಂದ ಇನ್ನೊಬ್ಬರ ಮಕ್ಕಳಿಗಾಗಿ ನೀರಿನಲ್ಲಿ ನಿಂತಿದ್ದವನು ಅವನು.

"ಸಾಕು. ಇನ್ನು ಇದನ್ನ ಹಾಸಿನಿಂದ ಹಿಂದಕ್ಕೆ ಸರಿಸಬೇಕು," ಎಂದು ಪರೀಕ್ಷಕರು ಕಾರಿನ ಬಾಗಿಲಿನತ್ತ ನೋಡಿ, ಆಮೇಲೆ ತಮ್ಮ ಹೊಟ್ಟೆಯತ್ತ ನೋಡಿಕೊಂಡರು. "ಇದರೊಳಗೆ ನಾನು ಹೋದ್ರೆ ಕ್ರೇನ್ ತರಿಸಬೇಕು. ನಮ್ಮ ಸಹಾಯಕ ಇವತ್ತು ರಜಾ. ನೀವೇ ಹಿಂದಕ್ಕೆ ತಗೊಳ್ಳಿ. ಅಂಗಳದಲ್ಲಿ ನಿಲ್ಲಿಸಿ, ಅಷ್ಟೇ."

"ನಾನೂ ಕೂತ್ಕೊಳ್ಳಲಾ ಅಮ್ಮ?" ಎಂದು ಗುಬ್ಬಿ ಅಕ್ಕನ ಸೆರಗು ಜಗ್ಗಿದಳು.

"ಬೇಡ ಕಣೇ, ಮುಚ್ಚಿದ ಕಾರು ನಿನ್ನ ಹೊಟ್ಟೆಗೆ ಆಗಿಬರಲ್ಲ," ಎಂದ ತಮ್ಮ. "ಹೋದ್ಸಲ ಬಾಡಿಗೆ ಕಾರಿನ ಸೀಟು ತೊಳೆದಿದ್ದು ನಾನು. ಇದರ ಸೀಟಿನ ಮೇಲೆ ಏನಾದ್ರೂ ಮಾಡಿದ್ಯೋ, ಕಾರು ಇಟ್ಕೊಂಡು ನಿನ್ನನ್ನ ಮಾರಿಬಿಡ್ತೀನಿ."

"ಅಂಗಳದವರೆಗೆ ತಾನೇ," ಎಂದಳು ಗುಬ್ಬಿ.

ಅಕ್ಕ ತಲೆಯಾಡಿಸಿದಳು. ಅಂಗಳದವರೆಗೆ ತಾನೇ.

ಕಾರು ಹಿಂದಕ್ಕೆ ಸರಿದು ಬಿಸಿಲಿಗೆ ಬಂತು. ಪರೀಕ್ಷಕರು ಟಾರ್ಚನ್ನೂ ಕಡ್ಡಿಗೆ ಸಿಕ್ಕಿಸಿದ ಪುಟ್ಟ ಕನ್ನಡಿಯನ್ನೂ ತರಲು ಒಳಕೋಣೆಗೆ ಹೋದರು. ಆಗ ಮಾರುವವನು ಗೇಟಿನತ್ತ ನಡೆದು, ಅದರ ಎರಡೂ ರೆಕ್ಕೆಗಳನ್ನು ಅಗಲವಾಗಿ ತೆರೆದ.

"ಒಂದು ರೌಂಡ್ ಹೋಗಿ ಬನ್ನಿ ಸಾರ್. ನಿಮ್ಮದೇ ಅಂದ್ಕೊಳ್ಳಿ. ಇಂಥ ಗಾಡೀನ ಬಟ್ಟೆ ಹಾಸಿ ನೋಡ್ತಾರಾ? ಓಡಿಸಿ ನೋಡಬೇಕು."

"ಬೇಡ ಕಣೋ, ಅವರು ರೋಡು ಕೊನೇಗೆ ಅಂದಿದಾರೆ," ಎಂದು ಅಕ್ಕ ಮುಂದೆ ಬರುವಷ್ಟರಲ್ಲಿ ತಮ್ಮ ಕಿಟಕಿಯಿಂದ ಕೈಬೀಸಿಯಾಗಿತ್ತು. ಗುಬ್ಬಿಯ ಪುಟ್ಟ ಕೈಯೂ ಆಚೆ ಕಿಟಕಿಯಿಂದ ಬೀಸಿತು. ಕೆಂಪು ಬಾಲದೀಪಗಳು ಗೇಟು ದಾಟಿ, ಎಡಕ್ಕೆ ಹೊರಳಿ, ಮೇಲ್ಸೇತುವೆಯ ದಾರಿ ಹಿಡಿದವು.

"ನೀವು ಯಾಕೆ ಜೊತೆಗೆ ಹೋಗಲಿಲ್ಲ?" ಎಂದು ಅಕ್ಕ ಕೇಳಿದಳು.

"ಎರಡೇ ಸೀಟಲ್ವಾ ಮೇಡಂ."

ಉತ್ತರವೇನೋ ಸರಿಯಾಗಿಯೇ ಇತ್ತು. ಆದರೆ ಬೆಳಗಿನಿಂದ ಈ ಮನುಷ್ಯ ತನ್ನ ಕಾರಿನೊಳಗೆ ಒಮ್ಮೆಯೂ ಕೂರಲಿಲ್ಲವೆಂಬುದು ಅವಳಿಗೆ ಆಗ ಹೊಳೆಯಿತು. ಲಾರಿಯಿಂದ ಇಳಿಸುವಾಗಲೂ ಕಿಟಕಿಯ ಹೊರಗಿನಿಂದಲೇ ಸ್ಟೀರಿಂಗ್ ಹಿಡಿದಿದ್ದ.

ಶೆಡ್ಡಿನೊಳಗಿನಿಂದ ಪರೀಕ್ಷಕರ ದನಿ ಬಂತು. "ಅಮ್ಮಾ, ಸ್ವಲ್ಪ ಇಲ್ಲಿ ಬನ್ನಿ." ಆ ದನಿಯಲ್ಲಿ ಈಗ ಬಡಾಯಿ ಇರಲಿಲ್ಲ.

ಅವರು ಹಾಸಿನ ಪಕ್ಕ ಮಂಡಿಯೂರಿದ್ದರು. ಮುಂಭಾಗದಲ್ಲಿ ಎಣ್ಣೆಯ ಒಂದೆರಡು ಹನಿ. ಹಿಂಭಾಗದಲ್ಲಿ ನೀರಿನ ಕಲೆ. ನಡುವೆ, ಬಿಳಿ ಬಟ್ಟೆಯ ಈ ಅಂಚಿನಿಂದ ಆ ಅಂಚಿನವರೆಗೆ, ಅಳತೆಪಟ್ಟಿ ಇಟ್ಟು ಎಳೆದಂತೆ ಒಂದು ಗೆರೆ ಬಿದ್ದಿತ್ತು. ಕಪ್ಪು ರಬ್ಬರಿನ ಹಕ್ಕಳೆಗಳು, ನಸುಗೆಂಪು ಪುಡಿ, ಅಲ್ಲಲ್ಲಿ ಮಿನುಗುವ ಲೋಹದ ಚೂರು.

"ಇದೇನು?"

ಪರೀಕ್ಷಕರು ಒಂದು ಚೂರನ್ನು ಬೆರಳ ತುದಿಗೆ ಅಂಟಿಸಿಕೊಂಡು ಬೆಳಕಿಗೆ ಹಿಡಿದರು. "ಬೆಸುಗೆ. ಅದರ ಮೇಲೆ ಮೆತ್ತಿದ ಪುಟ್ಟಿ. ಅದರ ಮೇಲೆ ಬಳಿದ ರಬ್ಬರ್ ಬಣ್ಣ. ಇದು ಒಂದು ಗಾಡಿ ಅಲ್ಲಮ್ಮ. ಅಪಘಾತ ಆದ ಎರಡು ಗಾಡಿ. ಒಂದರ ಮೂತಿ, ಇನ್ನೊಂದರ ಬಾಲ. ಸೀಟಿನ ಕೆಳಗೆ ಅಡ್ಡಕ್ಕೆ ಕತ್ತರಿಸಿ ಸೇರಿಸಿದಾರೆ. ಎಂಜಿನ್ ಗುಡುಗಿಸಿದ್ದಕ್ಕೇ ಹೊಲಿಗೆ ಬಿಡ್ತಾ ಇದೆ." ಅವರು ಕತ್ತೆತ್ತಿ ಅಂಗಳ ನೋಡಿದರು. "ಗಾಡಿ ಎಲ್ಲಿ?"

ದೂರದಲ್ಲಿ, ಮೇಲ್ಸೇತುವೆಯ ಏರಿನಲ್ಲಿ, ಎಂಜಿನ್ನೊಂದು ಗೇರು ಬದಲಿಸಿಕೊಂಡು ದನಿ ಏರಿಸಿದ್ದು ಇಬ್ಬರಿಗೂ ಕೇಳಿಸಿತು.

ಅವಳು ಫೋನ್ ಒತ್ತಿದಳು. ರಿಂಗಾಯಿತು, ರಿಂಗಾಗಿ ನಿಂತಿತು. ಮತ್ತೆ ಒತ್ತಿದಳು. ಮತ್ತೆ ಅದೇ. ಮೂರನೆಯ ಬಾರಿ ಒತ್ತಿ ಫೋನನ್ನು ಕಿವಿಗಿಟ್ಟುಕೊಂಡಳು. ಆ ಕಾರಿನೊಳಗೆ ಈಗ ಏನು ನಡೆಯುತ್ತಿದೆ ಎಂಬುದು ಅವಳಿಗೆ ಕಣ್ಣಿಗೆ ಕಟ್ಟಿದಂತೆ ಗೊತ್ತಿತ್ತು. ತೆರೆಯ ಮೇಲೆ ಅವಳ ಹೆಸರು ಮೂಡುತ್ತಿದೆ. ಮಾವ ಸೊಸೆ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದಾರೆ. ಅವಳು ಎಷ್ಟು ಸಲ ಕರೆದರೆ ಅವನು ಅಷ್ಟು ಗಟ್ಟಿಯಾಗಿ ಎತ್ತದೆ ಕೂರುತ್ತಾನೆ. ಅವನನ್ನು ಹಾಗೆ ಪಳಗಿಸಿದವಳು ತಾನೇ.

ಪರೀಕ್ಷಕರು ತಮ್ಮ ಫೋನಿನಿಂದ ಪ್ರಯತ್ನಿಸಿದರು. ಅದನ್ನು ಆ ಕಡೆಯಿಂದ ಕತ್ತರಿಸಿಬಿಟ್ಟರು.

"ಬೈಯೋಕೆ ಮಾಡ್ತಿದೀರಿ ಅಂದ್ಕೊಂಡಿದಾನೆ," ಎಂದಳು ಅಕ್ಕ. "ಮೆಸೇಜ್ ಹಾಕಲಾ? ಗಾಡಿ ಮುರಿಯುತ್ತೆ, ನಿಲ್ಲಿಸು ಅಂತ?"

"ಬೇಡ, ಬೇಡ." ಪರೀಕ್ಷಕರು ಎರಡೂ ಕೈ ಮುಂದೆ ಚಾಚಿದರು. "ಓದಿದ ಕೂಡಲೇ ಬ್ರೇಕ್ ಮೇಲೆ ನಿಂತುಬಿಡ್ತಾರೆ. ಅದೇ ಆಗಬಾರದು. ಮುಂದಿನ ಅರ್ಧ ತಡೆಯುತ್ತೆ, ಹಿಂದಿನ ಅರ್ಧ ನುಗ್ಗುತ್ತೆ. ಆ ಹೊಲಿಗೆ ಅದನ್ನ ತಾಳಲ್ಲ. ಮೆಲ್ಲಗೆ, ಎಷ್ಟು ಮೆಲ್ಲಗೆ ಆಗುತ್ತೋ ಅಷ್ಟು ಮೆಲ್ಲಗೆ ನಿಲ್ಲಬೇಕು."

ಮೆಲ್ಲಗೆ ನಿಲ್ಲಿಸು ಎಂದು ಹೇಳಬೇಕು, ಏಕೆಂದು ಹೇಳಬಾರದು. ಹೇಳಲು ಮೊದಲು ಯಾರಾದರೂ ಫೋನ್ ಎತ್ತಬೇಕು. ತನ್ನ ಕರೆ ಎತ್ತುವುದಿಲ್ಲ. ಪರೀಕ್ಷಕರದ್ದೂ ಇಲ್ಲ. ಈ ಹೊತ್ತಿನಲ್ಲಿ ಅವನು ಯಾರ ಕರೆಯನ್ನು ಸೆಕ್ರೆಟರಿಗೆ ಎತ್ತಲು ಹೇಳುತ್ತಾನೆ?

ಅವಳು ಹೊರಗೆ ಓಡಿದಳು.

ಮಾರುವವನು ಅಂಗಳದಲ್ಲಿರಲಿಲ್ಲ. ಲಾರಿಯ ಮುಂಭಾಗದಲ್ಲಿ ಹತ್ತಿ ಕುಳಿತು ಕೀಲಿ ತಿರುಗಿಸುತ್ತಿದ್ದ. ಪರೀಕ್ಷಕರು ಅವಳಿಗಿಂತ ಮೊದಲೇ ಲಾರಿಯ ಮೂತಿಯ ಮುಂದೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು ನಿಂತರು. ಅವರ ಗಾತ್ರ ಆ ದಿನ ಮೊದಲ ಬಾರಿಗೆ ಉಪಯೋಗಕ್ಕೆ ಬಂತು.

"ಸರೀರಿ ಸಾರ್, ನನಗೆ ಬೇರೆ ಕೆಲಸ ಇದೆ."

"ನನ್ನ ಮೇಲೇ ಹತ್ತಿಸಿಕೊಂಡು ಹೋಗಿ."

ಅಕ್ಕ ಲಾರಿಯ ಬಾಗಿಲು ತೆರೆದಳು. ಒಳಗಿನಿಂದ ಪೆಪ್ಪರಮಿಂಟಿನ ವಾಸನೆಯೂ ಅದರಡಿಯಲ್ಲಿ ಬೆವರಿನ ವಾಸನೆಯೂ ಮುಖಕ್ಕೆ ಬಡಿದವು. ಅವನು ಅವಳತ್ತ ನೋಡಲಿಲ್ಲ. ಗೇಟಿನತ್ತ ನೋಡುತ್ತ ಹೇಳಿದ:

"ನಿಧಾನಕ್ಕೆ ಹೋದ್ರೆ ಏನೂ ಆಗಲ್ಲ ಮೇಡಂ."

ಅದರಾಚೆ ಅವನನ್ನು ಏನೂ ಕೇಳಬೇಕಾಗಿರಲಿಲ್ಲ.

"ಒಳಗಿರೋದು ನನ್ನ ಮಗಳು," ಎಂದಳು. "ನಿಮ್ಮ ಫೋನ್ ಕೊಡಿ."

ಅವನು ಪೆಪ್ಪರಮಿಂಟನ್ನು ಕಟಕ್ಕನೆ ಕಚ್ಚಿದ. ಆಮೇಲೆ ಜೇಬಿನಿಂದ ಫೋನ್ ತೆಗೆದು, ಹೆಬ್ಬೆರಳೊತ್ತಿ ತೆರೆದು, ಅವಳ ಕೈಗಿಟ್ಟ. ಬಿಸಿಬಿಸಿಯಾಗಿ ಬೆವರಿನಿಂದ ಜಾರುತ್ತಿತ್ತು ಆ ಫೋನು.

ಅಕ್ಕನ ಕಸುಬು ಕಿವಿ ಪರೀಕ್ಷೆಯದು. ಸದ್ದು ಹೊಗದ ಪುಟ್ಟ ಕೋಣೆಯೊಳಗೆ ರೋಗಿಯನ್ನು ಕೂರಿಸಿ, ಗಾಜಿನ ಈಚೆಯಿಂದ, ತುಟಿ ಕಾಣದಂತೆ ರಟ್ಟು ಹಿಡಿದು, ಒಂದೊಂದೇ ಪದ ಓದುವುದು. ಓದುವ ದನಿ ಏರಬಾರದು, ಇಳಿಯಬಾರದು. ಸಂತೋಷವಾಗಲಿ ಬೇಸರವಾಗಲಿ ಅದರಲ್ಲಿ ಇಣುಕಬಾರದು. ಇಣುಕಿದರೆ ರೋಗಿ ಪದವನ್ನು ಕೇಳದೆ ಭಾವವನ್ನು ಊಹಿಸಿಬಿಡುತ್ತಾನೆ. ರಜೆಯ ದಿನಗಳಲ್ಲಿ ಅಮ್ಮನ ಜೊತೆ ಹೋಗಿ ಆ ಕೋಣೆಯಲ್ಲಿ ಕೂರುತ್ತಿದ್ದ ಗುಬ್ಬಿ ಅದನ್ನು ಮನೆಗೂ ತಂದಿದ್ದಳು. ಕಿವಿ ಆಟವೆಂದು ಅದರ ಹೆಸರು. ಅಮ್ಮ ಚಪ್ಪಟೆ ದನಿಯಲ್ಲಿ ಹೇಳಿದ್ದನ್ನು ಗುಬ್ಬಿ ಏಕೆಂದು ಕೇಳದೆ ಮಾಡಬೇಕು. ಕಿವಿ ಹಿಡಿ. ಕುರ್ಚಿ ಹತ್ತು. ಅಮ್ಮ ಬಂದು ಮುಟ್ಟುವವರೆಗೂ ಆಟ ಮುಗಿಯುವಂತಿಲ್ಲ.

ಆ ದನಿ ಈಗ ತನ್ನೊಳಗೆ ಉಳಿದಿದೆಯೇ ಎಂಬುದು ಅಕ್ಕನಿಗೆ ಗೊತ್ತಿರಲಿಲ್ಲ. ರಿಂಗ್ ಹೋಗತೊಡಗಿತು.

"ಹಲೋ, ಮಾಮ ಗಾಡಿ ಓಡಿಸ್ತಿದ್ದಾರೆ, ಆಮೇಲೆ ಮಾಡಿ."

ಗುಬ್ಬಿಯ ದನಿ. ಅದರ ಹಿಂದೆ ಎಂಜಿನ್ನಿನ ಗುಡುಗು. ಗುಡುಗಿನಡಿಯಲ್ಲಿ, ಸೇತುವೆಯ ಒಂದೊಂದು ಜೋಡಣೆಪಟ್ಟಿಯನ್ನು ಚಕ್ರ ದಾಟಿದಾಗಲೂ, ಒಣಕಡ್ಡಿ ಲಟಕ್ಕನೆ ಮುರಿದಂತೆ ಸಣ್ಣದೊಂದು ಸದ್ದು. ಕಟ್. ತುಸು ಬಿಟ್ಟು ಮತ್ತೆ, ಕಟ್.

"ಗುಬ್ಬಿ. ಕಿವಿ ಆಟ," ಎಂದಳು ಅಕ್ಕ.

ಆ ಕಡೆ ಫೋನನ್ನು ಕಿವಿಗೆ ಒತ್ತಿಕೊಂಡ ಸದ್ದು.

"ನಾನು ಅಂತ ಹೇಳಬೇಡ. ಹೂಂ ಅನ್ನು."

"ಹೂಂ."

"ಯಾರೇ ಅದು?" ಎಂದು ತಮ್ಮನ ಉತ್ಸಾಹದ ದನಿ ಕೇಳಿಸಿತು.

"ಕಾರಿನವರು. ಗಾಡಿ ಹೇಗಿದೆ ಅಂತ ಕೇಳ್ತಿದ್ದಾರೆ," ಎಂದಳು ಗುಬ್ಬಿ. ಮಗಳು ಇಷ್ಟು ಸರಾಗವಾಗಿ ಸುಳ್ಳು ಹೇಳಬಲ್ಲಳೆಂದು ಅಕ್ಕನಿಗೆ ಗೊತ್ತಾದದ್ದು ಆಗಲೇ.

"ಬೆಣ್ಣೆ ಥರ ಇದೆ ಅನ್ನು. ಬರೀ ಬೆಣ್ಣೆ. ಈಗ ಇಳಿಜಾರು ಬರುತ್ತೆ, ನೋಡ್ತಿರು, ಹೇಗೆ ಹಾರಿಸ್ತೀನಿ."

ಕಟ್. ಕಟ್.

ಗುಬ್ಬಿ ಫೋನಿಗೆ ಬಾಯಿ ಒತ್ತಿ ಪಿಸುಗುಟ್ಟಿದಳು. "ನನ್ನ ಕಾಲ ಹತ್ರ ಗಾಳಿ ಬರ್ತಿದೆ."

ಅಕ್ಕ ಲಾರಿಯ ಬಾಗಿಲನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಕಣ್ಣು ಮುಚ್ಚಿದಳು. ಗಾಜಿನ ಆಚೆ, ದೊಡ್ಡ ಹೆಡ್‌ಫೋನ್ ಹಾಕಿಕೊಂಡ ಪುಟ್ಟ ಮುಖವೊಂದನ್ನು ಕಣ್ಣೊಳಗೆ ತಂದುಕೊಂಡಳು. ಕೈಯಲ್ಲಿ ಇಲ್ಲದ ರಟ್ಟನ್ನು ತುಟಿಗೆ ಅಡ್ಡ ಹಿಡಿದಳು. ಪರೀಕ್ಷಕರು ಆಮೇಲೆ ಹೇಳಿದಂತೆ, ಆಕೆ ಆಗ ಆಡಿದ ದನಿ ರೈಲ್ವೆ ನಿಲ್ದಾಣದಲ್ಲಿ ಗಾಡಿಗಳ ಹೊತ್ತು ಹೇಳುವ ದನಿಯಂತಿತ್ತು.

"ನಿನಗೆ ವಾಂತಿ ಬರ್ತಿದೆ. ಮಾಮನಿಗೆ ಹೇಳು."

"ಬರ್ತಿಲ್ವಲ್ಲ," ಎಂದು ಪಿಸುಮಾತು.

"ಆಟ, ಗುಬ್ಬಿ. ವಾಂತಿ ಬರ್ತಿದೆ. ಬ್ರೇಕ್ ಹಾಕಿದ್ರೆ ಸೀಟಿನ ಮೇಲೇ ಆಗುತ್ತೆ. ಮೆತ್ತಗೆ ನಿಲ್ಲಿಸಬೇಕು. ನಿಂತ ಮೇಲೆ ಇಳಿದು ದೂರ ಹೋಗು. ಮಾಮನನ್ನೂ ಕರ್ಕೊಂಡು ಹೋಗು. ನಾನು ಬಂದು ಮುಟ್ಟೋವರೆಗೂ ವಾಂತಿ."

ಎಂಜಿನ್ನಿನ ಸದ್ದು ಇನ್ನೂ ಒಂದು ಮೆಟ್ಟಿಲು ಏರಿತು, ಇಳಿಜಾರು ಬಂದಿರಬೇಕು. ಕಟ್, ಕಟ್, ಕಟ್. ಸದ್ದುಗಳ ನಡುವಿನ ಅಂತರ ಕಿರಿದಾಗುತ್ತಿತ್ತು.

"ಮಾಮ," ಎಂಬ ಕ್ಷೀಣ ದನಿ. "ನಂಗೆ ವಾಂತಿ ಬರ್ತಿದೆ."

"ಅಯ್ಯಯ್ಯೋ, ಇಲ್ಲಿ ಬೇಡ ಕಣೇ. ತಡಿ, ತಡಿ, ನಿಲ್ಲಿಸ್ತೀನಿ."

"ಬ್ರೇಕ್ ಹಾಕಬೇಡ ಮಾಮ. ಹಾಕಿದ್ರೆ ಬಂದ್ಬಿಡುತ್ತೆ."

"ಹಾಕಲ್ಲ, ಹಾಕಲ್ಲ. ಬಾಯಿ ಮುಚ್ಕೋ. ಸೀಟು ಬಿಳೀದು ಕಣೇ, ನನ್ನ ಬಂಗಾರ, ಬಾಯಿ ಮುಚ್ಕೋ. ಉಸಿರು ಎಳ್ಕೋ. ನೋಡು, ಕಾಲು ತೆಗೆದೇಬಿಟ್ಟೆ. ತಾನಾಗೇ ನಿಲ್ಲುತ್ತೆ. ಆಯ್ತಾ? ಆಯ್ತಾ?"

ಅವನ ಜೀವಮಾನದಲ್ಲಿ ಅಷ್ಟು ಮೃದುವಾಗಿ ಅವನು ಯಾವ ಗಾಡಿಯನ್ನೂ ನಡೆಸಿರಲಿಲ್ಲ. ಅಕ್ಕನಿಗೆ ಅದೆಲ್ಲ ಕೇಳಿಸುತ್ತಿತ್ತು. ಗುಡುಗು ಗೊಣಗಾಟವಾಯಿತು, ಗೊಣಗಾಟ ಗುನುಗಾಯಿತು. ಕಟ್ ಎಂಬ ಸದ್ದುಗಳು ಒಂದರಿಂದೊಂದು ದೂರ ಸರಿದವು. ಪಕ್ಕದಲ್ಲಿ ಬೇರೆ ಗಾಡಿಗಳು ಹಾರ್ನ್ ಬಾರಿಸುತ್ತ ದಾಟಿದವು. ಇನ್ನೊಂದಿಷ್ಟು. ಇನ್ನೊಂದೇ ಒಂದಿಷ್ಟು.

ಆಮೇಲೆ ಒಂದು ದೊಡ್ಡ ಸದ್ದು ಬಂತು. ಮನೆಯ ತೊಲೆ ಮುರಿದಂಥ ಸದ್ದು. ಫೋನ್ ಎಲ್ಲೋ ಬಿದ್ದು ಉರುಳಿತು. ಲೈನ್ ಕಡಿಯಿತು.

ಅಕ್ಕ ಮತ್ತೆ ಒತ್ತಿದಳು. ಫೋನ್ ಬಂದ್ ಆಗಿದೆಯೆಂದು ಯಂತ್ರದ ಹೆಣ್ಣುದನಿಯೊಂದು, ಅವಳದ್ದೇ ಪರೀಕ್ಷೆಯ ದನಿಯಂತೆ ಏರಿಳಿತವಿಲ್ಲದೆ, ಹೇಳಿತು.

ಪರೀಕ್ಷಕರ ವ್ಯಾನಿನಲ್ಲಿ ಅವಳು ಹೇಗೆ ಕುಳಿತಳೋ ಅವಳಿಗೆ ನೆನಪಿಲ್ಲ. ಅವರು ಹಾರ್ನ್ ಮೇಲಿಂದ ಕೈ ತೆಗೆಯದೆ ಏರು ಹತ್ತಿಸಿದರು. "ಕೀಲಿ ಕೊಟ್ಟದ್ದು ನಾನು," ಎಂದು ಒಮ್ಮೆ ಹೇಳಿದರು. "ಹಾಸು ಓದೋಕೆ ಗಾಡಿ ಸರಿಸಬೇಕು, ಸರಿಸೋಕೆ ಕೀಲಿ ಕೊಡಬೇಕು. ಇಷ್ಟು ವರ್ಷ ಇದು ನನಗೆ ಹೊಳೆದೇ ಇಲ್ಲ." ಅಕ್ಕ ಕಿವಿಗೊಡಲಿಲ್ಲ. ತೊಡೆಯ ಮೇಲಿದ್ದ ಮಾರುವವನ ಫೋನ್ ಇದ್ದಕ್ಕಿದ್ದಂತೆ ಹೊಡೆದುಕೊಂಡಿತು. ಬೆಚ್ಚಿ ಎತ್ತಿದಳು.

"ಸಾರ್, ಆ ಕೆಂಪು ಗಾಡಿ ಇನ್ನೂ ಇದೆಯಾ?" ಎಂದು ಯಾರೋ ಗೊತ್ತಿಲ್ಲದ ದನಿ ಕೇಳಿತು.

ಅವಳಿಗೆ ಅದಕ್ಕೆ ಉತ್ತರ ಗೊತ್ತಿರಲಿಲ್ಲ. ಫೋನ್ ಇಟ್ಟಳು.

ಮೇಲ್ಸೇತುವೆಯ ನೆತ್ತಿ ಬಂತು. ಮುಂದೆ ಗಾಡಿಗಳು ಸಾಲುಗಟ್ಟಿ ನಿಂತಿದ್ದವು. ವ್ಯಾನ್ ನಿಲ್ಲುವ ಮೊದಲೇ ಅವಳು ಇಳಿದು, ಬಂಪರುಗಳ ನಡುವೆ ಮೈ ತೂರಿಸಿಕೊಂಡು ಓಡಿದಳು. ಜನರ ಬೆನ್ನುಗಳು. ಅವುಗಳ ನಡುವೆ ಕೆಂಪು ಬಣ್ಣದ ಒಂದು ತುಣುಕು. ಯಾರೋ, "ಅಡ್ಡಕ್ಕೆ ಸೀಳಿದ ಹಾಗಿದೆಯಲ್ಲಪ್ಪ," ಎನ್ನುತ್ತಿದ್ದರು. ಅವಳು ಒಂದು ಬೆನ್ನನ್ನು ಎರಡೂ ಕೈಯಿಂದ ಆಚೆಗೆ ತಳ್ಳಿದಳು.

ಕಾರು ಇಳಿಜಾರಿನ ಬುಡದಲ್ಲಿ, ರಸ್ತೆಯ ಅಂಚಿಗೆ ನಿಂತಿತ್ತು. ಅದರ ನಡು ಕುಸಿದು ನೆಲಕ್ಕೆ ತಾಗಿತ್ತು. ಮೂತಿ ಒಂದಿಷ್ಟು, ಬಾಲ ಒಂದಿಷ್ಟು ಮೇಲಕ್ಕೆದ್ದಿದ್ದವು. ಚಾವಣಿಯ ಅಡ್ಡಕ್ಕೆ ಕೆಂಪು ಬಣ್ಣ ಸಿಡಿದು ಬೆಳ್ಳಗಿನ ಬಿರುಕೊಂದು ಬಾಯಿಬಿಟ್ಟಿತ್ತು. ಬಾಗಿಲುಗಳೆರಡೂ ತೆರೆದಿದ್ದವು. ಒಳಗೆ ಯಾರೂ ಇರಲಿಲ್ಲ.

"ಅಕ್ಕ."

ತಮ್ಮ ತಡೆಗೋಡೆಗೆ ಒರಗಿ ನಿಂತಿದ್ದ. ಮೈಮೇಲೆ ಒಂದು ಗೀರೂ ಇರಲಿಲ್ಲ. ಮುಖ ಮಾತ್ರ ಬಹಳ ಹೊತ್ತು ನೀರಿನಲ್ಲಿದ್ದವನ ಕೈಯಂತೆ ಬಿಳಿಚಿಕೊಂಡು ಸುಕ್ಕುಗಟ್ಟಿತ್ತು.

"ನಿಂತೇಬಿಟ್ಟಿತ್ತು ಕಣೆ. ಇನ್ನೇನು ನಿಂತೇಬಿಟ್ಟಿತ್ತು, ಆಗ ಕೂತ್ಕೊಂಡುಬಿಡ್ತು. ಫೋನ್ ಕೆಳಗೆ ಬಿದ್ದು, ಆ ಸಂದಿಯಿಂದ ರೋಡಿಗೇ ಹೋಯ್ತು. ನಮ್ಮ ಕಾಲ ಕೆಳಗೆ ರೋಡು ಕಾಣ್ತಿತ್ತು, ಅಕ್ಕ." ಅವನು ನಗಲು ನೋಡಿದ; ತುಟಿ ಮಾತು ಕೇಳಲಿಲ್ಲ. "ನೀನು ಅಷ್ಟು ಸಲ ಫೋನ್ ಮಾಡಿದ್ಯಲ್ಲ, ಒಂದು ಸಲಾನೂ ಎತ್ತಲಿಲ್ಲ ನೋಡು. ಪಾತ್ರೆ ನಾನು ತೊಳೆಯಲ್ಲ."

ಅಕ್ಕ ಅವನ ಹೆಗಲ ಮೇಲೆ ಕೈಯಿಟ್ಟಳು. ಆಗ ಅವನು ಕಾರಿನ ಬಿರುಕನ್ನು ಮತ್ತೊಮ್ಮೆ ನೋಡಿ, ಮೆಲ್ಲ ಮೆಲ್ಲನೆ ಜಾರಿ ನೆಲದ ಮೇಲೆ ಕುಳಿತುಬಿಟ್ಟ.

"ಗುಬ್ಬಿ ಎಲ್ಲಿ?"

ಅವನು ಕೈತೋರಿಸಿದ. "ಪಾಪ, ವಾಂತಿ ಇನ್ನೂ ನಿಂತಿಲ್ಲ ಅದಕ್ಕೆ. ಹೊಟ್ಟೇಲಿ ಏನೂ ಉಳಿದಿಲ್ಲ, ಆದ್ರೂ ಏಳ್ತಾನೇ ಇಲ್ಲ. ನೀರು ಕೊಟ್ಟರೆ ತಲೆ ಅಲ್ಲಾಡಿಸ್ತಾಳೆ."

ಜನರಿಂದ ದೂರದಲ್ಲಿ, ದೀಪದ ಕಂಬದ ಬುಡದಲ್ಲಿ, ಗುಬ್ಬಿ ಮಂಡಿಗಳ ಮೇಲೆ ಅಂಗೈಯೂರಿ ಬಗ್ಗಿ ನಿಂತಿದ್ದಳು. ಜಡೆ ಮುಂದಕ್ಕೆ ಜೋತು ನೆಲ ಮುಟ್ಟುತ್ತಿತ್ತು. ಎರಡು ಬೆರಳು ಒದ್ದೆಯಾಗಿದ್ದವು. ಬಾರದ ವಾಂತಿಯನ್ನು ಅವಳು ಗಂಟಲಿಗೆ ಬೆರಳು ಹಾಕಿ ತರಿಸಿಕೊಂಡಿದ್ದಳು. ಅಮ್ಮನ ಚಪ್ಪಲಿಗಳನ್ನು ನೆಲದ ಮೇಲೆ ಕಂಡಾಗಲೂ ಅವಳು ಮೇಲೇಳಲಿಲ್ಲ.

"ಇನ್ನೂ ಮುಟ್ಟಿಲ್ಲ ನೀನು," ಎಂದಳು, ನೆಲವನ್ನೇ ನೋಡುತ್ತ.

ಅಕ್ಕ ಕೈ ಚಾಚಿದಳು. ಚಾಚಿದ ಕೈ ಮಗಳ ಬೆನ್ನಿನವರೆಗೆ ಹೋಗಿ, ಅಲ್ಲಿ ಗಾಳಿಯಲ್ಲೇ ಅಲುಗುತ್ತ ನಿಂತಿತು. ಅದನ್ನು ನಿಲ್ಲಿಸಲು ಅವಳು ಇನ್ನೊಂದು ಕೈಯಿಂದ ಹಿಡಿದುಕೊಳ್ಳಬೇಕಾಯಿತು.